ಐಸ್ ಮೇಲೆ ಟ್ರೌಟ್ ಹಿಡಿಯಲು ಹೋಗಬಹುದಾ ಅಂತ ಕೇಳಿದಿರಲ್ಲ

ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ಗೆ ಬಂದಿದ್ದೀರಿ. ಆಫೀಸಿನವರು ಡಿಸೆಂಬರ್‌ನಲ್ಲಿ ಇಲೆವೆನ್ ಮೈಲ್ ಜಲಾಶಯಕ್ಕೆ ಐಸ್ ಫಿಶಿಂಗ್‌ಗೆ, ಅಂದರೆ ಹೆಪ್ಪುಗಟ್ಟಿದ ನೀರಿನ ಮೇಲೆ ತೂತು ಕೊರೆದು ಟ್ರೌಟ್ ಮೀನು ಹಿಡಿಯಲು, ಕರೆಯುತ್ತಿದ್ದಾರೆ. ಮನೆಯವರಿಗೆ ಭಯ. ನಿಮಗೆ ಆಸೆ, ಆದರೆ ಮೀನು ತಿನ್ನದವನು ಅಲ್ಲಿ ಹೋಗಿ ಮಾಡುವುದೇನು ಅನ್ನುವ ಮುಜುಗರ. ಏನೇನು ಕೊಳ್ಳಬೇಕು, ಇಲ್ಲಿನ ಚಳಿಗಾಲವೆಲ್ಲ ಹೀಟರ್ ಮುಂದೆ ಕೂತೇ ಕಳೆಯಬೇಕಾ ಅಂತಲೂ ಕೇಳಿದ್ದೀರಿ.

ಹೋಗಿ. ಆದರೆ ಅವರು ಹೇಳುವ ಮೊದಲ ಶನಿವಾರಕ್ಕೆ ಬೇಡ. ಅದರ ಮುಂದಿನ ವಾರವೋ, ಅದರಾಚೆಯ ವಾರವೋ ಹೋಗಿ.

ಯಾಕೆ ಅಂದರೆ, ಮೀನು ಚೆನ್ನಾಗಿ ಸಿಗುವ ದಿನಗಳೂ ಐಸನ್ನು ನಂಬಲಾಗದ ದಿನಗಳೂ ಇಲ್ಲಿ ಒಟ್ಟಿಗೇ ಬರುತ್ತವೆ. ನೀರು ಹೆಪ್ಪುಗಟ್ಟಿದ ಮೊದಲ ಎರಡು ಮೂರು ವಾರ ರೇನ್‌ಬೋ ಟ್ರೌಟ್ ದಡದ ಹತ್ತಿರವೇ ಸುತ್ತುತ್ತಿರುತ್ತದೆ. ಐದರಿಂದ ಹನ್ನೆರಡು ಅಡಿ ನೀರು ಸಾಕು. ಅಲ್ಲಿನ ಜೊಂಡು ಪಾಚಿ ಇನ್ನೂ ಹಸಿರಾಗಿರುತ್ತದೆ. ಅದರಲ್ಲಿ ಪುಟಾಣಿ ಸಿಗಡಿಯಂತೆ ಕಾಣುವ ಸ್ಕಡ್‌ಗಳು, ನುಸಿಯ ಮರಿಹುಳುಗಳು ಇರುತ್ತವೆ. ನೀರಿನಲ್ಲಿ ಆಮ್ಲಜನಕವೂ ಚೆನ್ನಾಗಿರುತ್ತದೆ. ಆಮೇಲೆ ಐಸ್ ಮೇಲೆ ಹಿಮ ಕೂರುತ್ತದೆ, ಒಳಗೆ ಬೆಳಕು ಹೋಗುವುದಿಲ್ಲ, ಗಿಡಗಳು ಸತ್ತು ಕೊಳೆಯುತ್ತವೆ, ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಜನವರಿ ಕೊನೆಗೆ ಮೀನಿಗೂ ಉತ್ಸಾಹ ಇರುವುದಿಲ್ಲ, ಹಿಡಿಯುವವರಿಗೂ ಇರುವುದಿಲ್ಲ. ಅದಕ್ಕೇ ಗೆಳೆಯರು ಅವಸರ ಮಾಡುತ್ತಿದ್ದಾರೆ. ಅವರ ಲೆಕ್ಕ ತಪ್ಪಲ್ಲ. ಆದರೆ ಹತ್ತು ದಿನ ತಡವಾದರೂ ಆ ಮೀನುಗಳು ಅಲ್ಲೇ ಇರುತ್ತವೆ, ಐಸ್ ಮಾತ್ರ ದಪ್ಪವಾಗಿರುತ್ತದೆ.

ಐಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಒಬ್ಬ ಮನುಷ್ಯ ನಡೆಯಲು ಕನಿಷ್ಠ 4 ಇಂಚು ದಪ್ಪದ ಗಟ್ಟಿ ಐಸ್ ಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆ 4 ಇಂಚು ಗಾಜಿನಂತೆ ಸ್ವಚ್ಛವಾಗಿ, ಕಪ್ಪಗೆ ಕಾಣುವ ಐಸಿನ ಲೆಕ್ಕ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್‌ಗೆ ಅದರ ಅರ್ಧದಷ್ಟೇ ಬಲ. ಅದಾದರೆ 8 ಇಂಚು ನೋಡಿಕೊಳ್ಳಿ. ಇನ್ನು ಒಂದು ಕಡೆ 6 ಇಂಚು ಇದ್ದರೆ ಐವತ್ತು ಹೆಜ್ಜೆ ಆಚೆಯೂ 6 ಇಂಚೇ ಇರಬೇಕು ಅಂತೇನಿಲ್ಲ. ಸೌತ್ ಪ್ಲಾಟ್ ನದಿ ಜಲಾಶಯಕ್ಕೆ ಬಂದು ಸೇರುವ ಜಾಗದಲ್ಲಿ ಹರಿವು ನಿಲ್ಲುವುದಿಲ್ಲ, ಐಸ್ ಸದಾ ತೆಳ್ಳಗೆ. ಸೌತ್ ಪಾರ್ಕ್ ಬಯಲಿನ ಗಾಳಿಯೂ ಸುಮ್ನೆ ಬಿಡುವುದಿಲ್ಲ. ಮೂಲೆಯ ಕೊಲ್ಲಿಗಳು ಗಟ್ಟಿಯಾಗಿ ವಾರವಾದರೂ ನಡುವಿನ ನೀರು ಅಲುಗಾಡುತ್ತಿರುತ್ತದೆ.

ಜಲಾಶಯ ಅಂದರೆ ಸಹಜ ಕೆರೆಯಲ್ಲ, ಅದೊಂದು ನೀರಿನ ಖಜಾನೆ. ಇಲೆವೆನ್ ಮೈಲ್ ಅಣೆಕಟ್ಟು 1932ರಲ್ಲಿ ಮುಗಿದದ್ದು. ನೀರು ಡೆನ್ವರ್ ವಾಟರ್ ಸಂಸ್ಥೆಯದು, ಅಂದರೆ ನಿಮ್ಮ ಮನೆ ನಲ್ಲಿಯಲ್ಲಿ ಬರುವ ನೀರು. ಅವರ ಲೆಕ್ಕದಲ್ಲಿ ಮೀನು ಆಮೇಲೆ. ಹತ್ತಿರದ ಅಂಟೆರೊ ಜಲಾಶಯವನ್ನು 2002ರ ಬರದಲ್ಲಿ ಪೂರ್ತಿ ಖಾಲಿ ಮಾಡಿದ್ದರು. ಚಳಿಗಾಲದಲ್ಲಿ ಯಾವುದೇ ಜಲಾಶಯದ ನೀರನ್ನು ಇಳಿಸಿದರೆ ದಡದ ಐಸ್ ಕೆಳಗೆ ಆಸರೆ ತಪ್ಪುತ್ತದೆ, ಬಿರುಕು ಬಿಡುತ್ತದೆ. ಅಂಚಿನಲ್ಲಿ ಕಾಲಿಡುವಾಗಲೇ ಹುಷಾರು ಬೇಕಾಗುವುದು ಇದಕ್ಕೇ. ಹಾರೆಯಂಥ ಒಂದು ಕಂಬಿ ಇರುತ್ತದೆ, ಸ್ಪಡ್ ಬಾರ್ ಅನ್ನುತ್ತಾರೆ. ಮುಂದೆ ನಡೆಯುವವರು ಅದರಿಂದ ಪ್ರತಿ ಹೆಜ್ಜೆಗೂ ಮುಂಚೆ ಬಲವಾಗಿ ಕುಟ್ಟಿ ನೋಡಬೇಕು. ಅದು ಇಲ್ಲದೆ ಹೊರಡುವ ಗುಂಪಿನ ಜೊತೆ ಹೋಗಬೇಡಿ.

ಅಕಸ್ಮಾತ್ ಬಿದ್ದರೆ? ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ತಣ್ಣೀರಿಗಿಳಿದು ಸಂಶೋಧನೆ ಮಾಡಿದವರು. ಅವರು ಹೇಳುವ 1-10-1 ಲೆಕ್ಕವನ್ನು ನಿಮ್ಮ ಮನೆಯವರಿಗೂ ಹೇಳಿ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರಲು ಬೇಕು. ಆಮೇಲೆ ಸುಮಾರು 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಅಂದರೆ ಗಾಬರಿ ಬೀಳದಿದ್ದರೆ ಹೊರಬರಲು ಸಮಯ ಇರುತ್ತದೆ. ಬಂದ ದಿಕ್ಕಿಗೇ ತಿರುಗಿ, ಐಸ್ ಪಿಕ್‌ಗಳನ್ನು ಚುಚ್ಚಿ, ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ಜಾರಿ ಮೇಲೆ ಬರಬೇಕು. ತಕ್ಷಣ ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಐಸ್ ಪಿಕ್ ಅಂದರೆ ಹಿಡಿ ಇರುವ ಎರಡು ಮೊಳೆಗಳು, ಅಷ್ಟೇ. ಕುತ್ತಿಗೆಗೆ ಹಾಕಿಕೊಳ್ಳಿ. ಬ್ಯಾಗಿನಲ್ಲಿದ್ದರೆ ಏನೂ ಪ್ರಯೋಜನವಿಲ್ಲ.

ಕೊಳ್ಳುವ ವಿಷಯವೂ ಇಲ್ಲೇ ಮುಗಿಯಿತು ಅನ್ನಿ. ಐಸ್ ಪಿಕ್, ತೇಲುವ ಜಾಕೆಟ್, ಒಳ್ಳೆ ಬೂಟು, ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ, ಉಣ್ಣೆಯ ಸಾಕ್ಸ್, ತಂಪು ಕನ್ನಡಕ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ. ಉಳಿದದ್ದನ್ನೆಲ್ಲ ಮೊದಲ ಸಲ ಕೇಳಿ ಪಡೆಯಿರಿ. ಮೀನು ತೋರಿಸುವ ಸೋನಾರ್ ಪರದೆಗೆ ದುಡ್ಡು ಸುರಿಯಬೇಡಿ. ಹತ್ತಡಿ ನೀರಿನಲ್ಲಿ ಐಸ್ ಮೇಲೆ ಬೋರಲು ಮಲಗಿ, ತಲೆಗೆ ಜಾಕೆಟ್ ಮುಚ್ಚಿಕೊಂಡು ತೂತಿನಲ್ಲಿ ಇಣುಕಿದರೆ ಮೀನು ಕಣ್ಣಿಗೇ ಕಾಣುತ್ತದೆ. ನನ್ನ ಕೇಳಿದರೆ ಇಡೀ ದಿನದಲ್ಲಿ ಅದೇ ಚೆಂದ. ಹಸಿರು ಬೆಳಕಿನಲ್ಲಿ ಟ್ರೌಟ್ ಬಂದು, ಗಾಳದ ಮುಂದೆ ನಿಂತು, ಮೂಸಿ, ಬೇಡ ಅಂತ ತಿರುಗಿ ಹೋಗುತ್ತದೆ. ನಗು ಬರುತ್ತದೆ.

ಹಿಡಿಯುವುದು ಕಷ್ಟವೇನಲ್ಲ. ಬೆಳಕು ಹರಿಯುವ ಮುಂಚೆ ಹೋಗಿ ಬೇಕಾದ ತೂತುಗಳನ್ನೆಲ್ಲ ಒಮ್ಮೆಗೇ ಕೊರೆದುಬಿಡಬೇಕು. ಆ ಬೈರಿಗೆಗೆ ಆಗರ್ ಅನ್ನುತ್ತಾರೆ, 6 ಅಥವಾ 8 ಇಂಚಿನ ತೂತು ಸಾಕು. ಆಮೇಲೆ ಸದ್ದು ಮಾಡಬಾರದು. ಆಳವಿಲ್ಲದ ನೀರಿನಲ್ಲಿ ಬೂಟಿನ ಸಪ್ಪಳಕ್ಕೂ ಮೀನು ಚದುರುತ್ತದೆ. ಸೂರ್ಯ ಹುಟ್ಟುವ ಹೊತ್ತಿನ ಒಂದೆರಡು ಗಂಟೆ, ಸಂಜೆ ಮುಳುಗುವ ಹೊತ್ತು, ಇವೆರಡೇ ಮುಖ್ಯ. ನಡುವೆ ಹರಟೆ. ದಾರ ತೆಳ್ಳಗಿರಲಿ, 2ರಿಂದ 4 ಪೌಂಡ್ ಭಾರ ತಡೆಯುವಂಥದು. ತುದಿಗೆ ಪುಟ್ಟ ಟಂಗ್‌ಸ್ಟನ್ ಜಿಗ್, ಅಂದರೆ ಲೋಹದ ಗುಂಡು ಕೂರಿಸಿದ ಗಾಳ. ಎಲ್ಲರೂ ಗಾಳವನ್ನು ತಳಕ್ಕೇ ಬಿಡುತ್ತಾರೆ, ಆದರೆ ರೇನ್‌ಬೋ ಬಹಳ ಸಲ ಐಸಿನ ಕೆಳಗೆ ಮೂರು ನಾಲ್ಕು ಅಡಿಯಲ್ಲೇ ಓಡಾಡುತ್ತಿರುತ್ತದೆ. ತಳದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾ ನೋಡಿ. ಕಚ್ಚಿದ ಮೇಲೆ ಜಗ್ಗಬೇಡಿ. ರೀಲಿನ ಬಿಗಿ ಸಡಿಲ ಇರಲಿ, ಓಡಲಿ, ಸುಸ್ತಾಗಲಿ. ದಾರ ತುಂಡಾಗುವುದು ಸಾಮಾನ್ಯವಾಗಿ ತೂತಿನ ಅಂಚಿನಲ್ಲೇ.

ತಿನ್ನದವರು ಹಿಡಿಯಬೇಕಾ ಅನ್ನುವ ನಿಮ್ಮ ಪ್ರಶ್ನೆಗೆ ನಾನು ನ್ಯಾಯ ಹೇಳಲಾರೆ. ಸುಮ್ಮನೆ ಜೊತೆಗೆ ಕೂತು ನೋಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹಿಡಿದು ಬಿಡುವುದಾದರೆ ಸರಿಯಾಗಿ ಬಿಡಿ. ಹುಳು ಅಥವಾ ಎರೆಮುದ್ದೆ ಸಿಕ್ಕಿಸಿದರೆ ಮೀನು ಗಾಳವನ್ನು ಆಳಕ್ಕೆ ನುಂಗುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಬರಿಯ ಕೃತಕ ಜಿಗ್ ಆದರೆ ತುಟಿಗೆ ಸಿಕ್ಕುವುದೇ ಹೆಚ್ಚು. ಕೊರೆಯುವ ಗಾಳಿಯಲ್ಲಿ ಕಿವಿರೂ ಕಣ್ಣೂ ಬೇಗ ಹೆಪ್ಪುಗಟ್ಟುತ್ತವೆ. ಹಿಮದ ಮೇಲೆ ಹಾಕಿ ಫೋಟೊ ತೆಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನೀರಿನಲ್ಲೇ ಇಟ್ಟು ಗಾಳ ಬಿಡಿಸಿ ಕಳಿಸಿ.

ಅಂದ ಹಾಗೆ, ಈ ರೇನ್‌ಬೋ ಕೂಡ ಕೊಲೊರಾಡೊದ್ದಲ್ಲ. ಪೆಸಿಫಿಕ್ ಕಡೆಯ ಮೀನು, 1880ರ ದಶಕದಲ್ಲಿ ತಂದು ಬಿಟ್ಟದ್ದು. ಇಲ್ಲಿನ ಮೂಲ ಟ್ರೌಟ್ ಕಟ್‌ಥ್ರೋಟ್. 1990ರ ದಶಕದಲ್ಲಿ ವರ್ಲಿಂಗ್ ಡಿಸೀಸ್ ಅನ್ನುವ ರೋಗ ಬಂದು ಇಲ್ಲಿನ ನದಿಗಳ ರೇನ್‌ಬೋಗೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಜರ್ಮನಿಯ ಹೋಫರ್ ತಳಿಯ ರೇನ್‌ಬೋ ತಂದು ಬೆರೆಸಿ, ರೋಗ ತಡೆಯುವ ಮರಿಗಳನ್ನು ಬೆಳೆಸಿದರು.

ಕಾನೂನಿನ ವಿಷಯ. ವಯಸ್ಸು 16 ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ, ಹಿಡಿದು ಬಿಟ್ಟರೂ ಸರಿ. ಇಲ್ಲಿ ಸತತ ಆರು ತಿಂಗಳು ಇದ್ದವರಿಗೆ ಮಾತ್ರ ಸ್ಥಳೀಯರ ದರ. ಆಗಸ್ಟ್‌ನಲ್ಲಿ ಬಂದ ನೀವು ಡಿಸೆಂಬರ್‌ನಲ್ಲಿ ಇನ್ನೂ ಹೊರಗಿನವರೇ, ಹಾಗಾಗಿ ಸದ್ಯಕ್ಕೆ ಒಂದು ದಿನದ ಲೈಸೆನ್ಸ್ ಸಾಕು. ಹೊಸ ವರ್ಷದ ಲೈಸೆನ್ಸ್ ಮಾರ್ಚ್ 1ರಿಂದ ಶುರು, ಆ ಹೊತ್ತಿಗೆ ನೀವೂ ಸ್ಥಳೀಯರಾಗಿರುತ್ತೀರಿ. ಒಬ್ಬರಿಗೆ ಒಂದೇ ಗಾಳ, ಎರಡನೆಯದಕ್ಕೆ ಬೇರೆ ಸ್ಟಾಂಪ್. ಇಲೆವೆನ್ ಮೈಲ್ ಸ್ಟೇಟ್ ಪಾರ್ಕ್ ಆದ್ದರಿಂದ ಕಾರಿಗೆ ಪಾಸ್ ಬೇಕು. ಕಾರು ಇಲ್ಲೇ ರಿಜಿಸ್ಟರ್ ಮಾಡಿಸಿದ್ದರೆ ಕಾಗದ ತೆಗೆದು ನೋಡಿ. 2023ರಿಂದ ಬೇಡ ಅನ್ನದವರಿಗೆಲ್ಲ ಪಾಸ್ ಅದರಲ್ಲೇ ಸೇರಿರುತ್ತದೆ. ಪಕ್ಕದ ಸ್ಪಿನ್ನಿ ಮೌಂಟನ್ ಜಲಾಶಯಕ್ಕೆ ಮಾತ್ರ ಹೋಗಬೇಡಿ. ಐಸ್ ಕಟ್ಟಿದ ಮೇಲೆ ಅದನ್ನು ಮುಚ್ಚುತ್ತಾರೆ.

ದಾರಿ 285ನೇ ಹೆದ್ದಾರಿಯದ್ದು. ಕೆನೋಶಾ ಪಾಸ್ ಸುಮಾರು 10,000 ಅಡಿ ಎತ್ತರದಲ್ಲಿದೆ, ಜಲಾಶಯ ಸುಮಾರು 8,600 ಅಡಿ. ಡೆನ್ವರ್‌ಗೆ ಒಗ್ಗಿದ ಮೈಗೂ ಅಲ್ಲಿ ಏದುಸಿರು ಬರುತ್ತದೆ. ನೀರು ಕುಡಿಯುತ್ತಿರಿ. ಫೋನ್ ಸಿಗ್ನಲ್ ನಂಬಬೇಡಿ. ಎಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್, ಇಷ್ಟನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

ಚಳಿಗಾಲ ಕಳೆಯುವುದು ಹೇಗೆ ಅಂತ ಕೇಳಿದ್ದಕ್ಕೆ ನನ್ನ ಉತ್ತರ ಇಂಥ ಕರೆಗಳೇ. ವರ್ಷವೆಲ್ಲ ಮೀಟಿಂಗಿನಲ್ಲಿ ಎರಡು ಮಾತಾಡದವರು ಐಸ್ ಮೇಲೆ ಬಕೆಟ್ ಬೋರಲು ಹಾಕಿ ಕೂತರೆ ಅಪ್ಪನ ಕಾಯಿಲೆಯಿಂದ ಮಗಳ ಕಾಲೇಜಿನವರೆಗೂ ಹೇಳುತ್ತಾರೆ. ಗುರುತಿಲ್ಲದವರೂ ಬಂದು ಎಷ್ಟು ಅಡಿಯಲ್ಲಿ ಸಿಕ್ಕಿತು ಅಂತ ಕೇಳಿ, ತಮ್ಮ ಜಿಗ್ ಒಂದನ್ನು ಕೈಗಿಟ್ಟು ಹೋಗುತ್ತಾರೆ. ಅದಕ್ಕೇ ಕರೆ ಬಂದಾಗ ಪೂರ್ತಿ ಇಲ್ಲ ಅನ್ನಬೇಡಿ, ಮುಂದಿನ ವಾರ ಬರುತ್ತೇನೆ ಅನ್ನಿ.

ಹೊರಡುವ ಹಿಂದಿನ ದಿನ ಅವರನ್ನು ಕೇಳಿ: ಎಷ್ಟು ಇಂಚು ಇದೆ, ಯಾರು ಕೊರೆದು ನೋಡಿದರು, ಯಾವತ್ತು ನೋಡಿದರು. ಮೂರಕ್ಕೂ ನೇರ ಉತ್ತರ ಬಂದರೆ ಮನೆಯವರಿಗೂ ಅದನ್ನೇ ಹೇಳಿ ಹೊರಡಿ. "ಹೋಗಿ ನೋಡೋಣ, ಏನೂ ಆಗಲ್ಲ" ಅಂದರೆ, ಆ ಶನಿವಾರ ಮನೆಯಲ್ಲಿ ಏನೋ ಕೆಲಸ ಇದೆ ಅಂದುಬಿಡಿ.