ವಿಯೆಟ್ನಾಂ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊಸ ಹೊಸ ಆಟಗಳನ್ನು ಎಲ್ಲಿ ಹುಡುಕಲಿ?

ಹುಡುಕಬೇಡಿ. ಮಂಡ್ಯದಲ್ಲಿ ಬಿಎ ಮುಗಿಸಿ ಹೊರಟಿದ್ದೀರಿ, ಚೀಲದ ತುಂಬ ಆಟ ಇರಲಿ ಅಂತ ನಿಮ್ಮಾಸೆ. ನಾನೂ ಮೈಸೂರಿನಿಂದ ಹೀಗೇ ಹೋದವಳು. ಬಟ್ಟೆಗಿಂತ ಚಾರ್ಟುಗಳೇ ಜಾಸ್ತಿ ಇದ್ದವು.

ಹನೋಯಿಯ ಒಂದು ಟ್ಯೂಷನ್ ಸೆಂಟರಿನಲ್ಲಿ ಡೆಮೊ ಕ್ಲಾಸು. ದಾರಿ ಹೇಳುವುದನ್ನು ಕಲಿಸಲು ಜಂಬೂಸವಾರಿ ಆಟ ಕಟ್ಟಿದ್ದೆ. ಒಂದು ಮಗು ಆನೆ, ಕಣ್ಣಿಗೆ ಬಟ್ಟೆ. ಉಳಿದವರು ಲೆಫ್ಟ್, ರೈಟ್ ಅಂತ ಕೂಗಿ ಅರಮನೆಯಿಂದ ಬನ್ನಿಮಂಟಪಕ್ಕೆ ಕರೆದೊಯ್ಯಬೇಕು. ಚೆಂದದ ಆಟ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನಿಯಮಗಳನ್ನು ಇಂಗ್ಲಿಷಿನಲ್ಲಿ ಬಾಯಲ್ಲೇ ಹೇಳುತ್ತಾ ನಿಂತೆ. ಆ ಇಂಗ್ಲಿಷ್ ಬರುತ್ತಿದ್ದರೆ ಅವರು ನನ್ನ ಕ್ಲಾಸಿಗೆ ಯಾಕೆ ಬರುತ್ತಿದ್ದರು? ಮುಖಗಳು ಖಾಲಿ ಕಂಡವು, ಇನ್ನಷ್ಟು ವಿವರಿಸಿದೆ. ಅಂಬಾರಿ ಅಂದರೇನು ಅಂತ ಬೇರೆ! ಅರ್ಥ ಆಯ್ತಾ ಅಂದೆ, ಎಲ್ಲರೂ ಯೆಸ್ ಟೀಚರ್ ಅಂದರು. ಅದನ್ನು ನಂಬಿದೆ. ಆಟ ಶುರುವಾಗುವಷ್ಟರಲ್ಲಿ ಟೈಮು ಮುಗಿಯಿತು, ಕೆಲಸವೂ ಹೋಯಿತು.

ಮಾಡಬೇಕಿದ್ದದ್ದು ಇಷ್ಟೇ. ನಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬ ಹುಡುಗನ ಕೈಲಿ ಲೆಫ್ಟ್ ಅನ್ನಿಸಿ, ಎಡಕ್ಕೆ ತಿರುಗಿ ಬೆಂಚಿಗೆ ಢಿಕ್ಕಿ ಹೊಡೆಯಬೇಕಿತ್ತು. ಮಾತೇ ಬೇಡ. ಅರ್ಥ ಆಯ್ತಾ ಅಂತಲೂ ಕೇಳಬಾರದು. ನಾನೀಗ ಎಡಕ್ಕೋ ಬಲಕ್ಕೋ ಅಂತ ಕೇಳಬೇಕು, ಆಗ ಗೊತ್ತಾಗುತ್ತದೆ.

ಆಮೇಲೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಅಲ್ಲಿ ನನ್ನನ್ನು ಸಾಕಿದ್ದು ದೇವರಾಜ ಮಾರುಕಟ್ಟೆಯ ಎರಡು ಚಿತ್ರ. ಒಂದರಲ್ಲಿ ಬಾಳೆಹಣ್ಣಿನ ಗೊನೆ ಐದು, ಇನ್ನೊಂದರಲ್ಲಿ ನಾಲ್ಕು, ಹೀಗೆ ಸಣ್ಣ ಸಣ್ಣ ವ್ಯತ್ಯಾಸ. ಜೋಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು, ಪಕ್ಕದವರಿಗೆ ತೋರಿಸುವ ಹಾಗಿಲ್ಲ. ಕೇಳದೆ ವ್ಯತ್ಯಾಸ ಸಿಗುವುದಿಲ್ಲ, ಹಾಗಾಗಿ ಮಾತಾಡಲೇಬೇಕು. ಅಲ್ಲಿನ ಮಕ್ಕಳು ಪದದ ಕೊನೆಯ ವ್ಯಂಜನ ನುಂಗುತ್ತಾರೆ. ಫೈವ್, ಫೈನ್ ಎರಡೂ ಫೈ. ನಾವೋ ಬಸ್ಸಿಗೂ ಒಂದು ಉ ಅಂಟಿಸುವವರು! ಎಣಿಸುವ ಚಿತ್ರ ಇದ್ದರೆ ಅದೂ ತಿದ್ದುತ್ತದೆ.

ದುಡ್ಡಿದ್ದರೆ ಕೇಂಬ್ರಿಡ್ಜ್‌ನ ಸೆಲ್ಟಾ ಮಾಡಿ, ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ ಕೋರ್ಸು ಅದು. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸುತ್ತಾರೆ. ಬರೀ ವಿಡಿಯೊ ನೋಡಿಸಿ ಸರ್ಟಿಫಿಕೇಟ್ ಕೊಡುವ ಕೋರ್ಸಿನಲ್ಲಿ ಈ ಪೆಟ್ಟು ಬೀಳುವುದಿಲ್ಲ, ಅದಕ್ಕೇ ಬೇಡ ಅನ್ನುವುದು.

ಡಿಗ್ರಿ, ಪೊಲೀಸ್ ಕ್ಲಿಯರೆನ್ಸ್ ಕಾಗದಗಳನ್ನು ಇಲ್ಲೇ ದೃಢೀಕರಿಸಿಕೊಂಡು ಹೊರಡಿ, ವರ್ಕ್ ಪರ್ಮಿಟ್‌ಗೆ ಬೇಕು. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅನ್ನುವ ಏಜೆಂಟ್ ಸಿಕ್ಕರೆ ನಂಬರ್ ಬ್ಲಾಕ್ ಮಾಡಿ.