ಗೇರ್‌ಬಾಕ್ಸ್ ಹೋಗಿದೆ ಅಂದರಾ? ಒಳಗೆ ಏನು ಹೋಗಿದೆ ಅಂತ ಕೇಳಿ

ಆಟೋಮ್ಯಾಟಿಕ್ ಗಾಡಿ ಇಟ್ಟುಕೊಂಡವರಿಂದ ಒಂದೇ ಪ್ರಶ್ನೆ ಪ್ರತಿ ತಿಂಗಳೂ ಬರುತ್ತಿದೆ. ಗಾಡಿ ಬೇರೆ, ಏರಿಯಾ ಬೇರೆ, ಕಥೆ ಮಾತ್ರ ಅದೇ. ಅದಕ್ಕೆ ಈ ಸಲ ಬಿಡಿಸಿ ಬರೆದಿದ್ದೇನೆ. ಉಳಿದ ಪ್ರಶ್ನೆಗಳಿಗೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಸರ್, ನನ್ನದು ಒಂಬತ್ತು ವರ್ಷದ ಸೆಡಾನ್. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆರು ಗೇರಿನ ಆಟೋಮ್ಯಾಟಿಕ್, 1,10,000 ಕಿ.ಮೀ. ಓಡಿದೆ. ದಿನಾ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ಎರಡನೇ ಗೇರಿನಿಂದ ಮೂರಕ್ಕೆ ಬೀಳುವಾಗ ಜರ್ಕ್ ಹೊಡೆಯುತ್ತಿದೆ, ಬಿಸಿಯಾದ ಮೇಲೆ ಜಾಸ್ತಿ. ಹೋದ ವಾರ ಸಿಲ್ಕ್ ಬೋರ್ಡ್ ಹತ್ತಿರ ಒಂದೇ ಗೇರಿನಲ್ಲಿ ಸಿಕ್ಕಿಹಾಕಿಕೊಂಡಿತು. ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು. ಸರ್ವೀಸ್ ಸೆಂಟರಿನವರು ಗೇರ್‌ಬಾಕ್ಸ್ ಹೋಗಿದೆ, ಹೊಸದಕ್ಕೆ 4 ಲಕ್ಷ ಆಗುತ್ತೆ ಅಂದರು. ಮನೆ ಹತ್ತಿರದ ಗ್ಯಾರೇಜಿನವರು 45 ಸಾವಿರಕ್ಕೆ ರಿಪೇರಿ ಮಾಡಿಕೊಡ್ತೀವಿ ಅಂತಾರೆ. ಮಾರಿದರೆ 5 ಲಕ್ಷವೂ ಬರಲ್ಲ. ರಿಪೇರಿ ಮಾಡಿಸಲಾ, ಬದಲಾಯಿಸಲಾ?

ಉತ್ತರ: ಇಬ್ಬರೂ ರೇಟು ಹೇಳಿದ್ದಾರೆ. ಏನು ಕೆಟ್ಟಿದೆ ಅಂತ ಇಬ್ಬರೂ ಹೇಳಿಲ್ಲ. ಅದು ಗೊತ್ತಾಗುವ ತನಕ ಇಬ್ಬರಿಗೂ ಕೀ ಕೊಡಬೇಡಿ.

ಜರ್ಕ್ ಬೇರೆ, ಸ್ಲಿಪ್ ಬೇರೆ. ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿದ್ದರೆ ಸಾಮಾನ್ಯವಾಗಿ ಆ್ಯಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ನೀವು ಹಾಗೆ ಬರೆದಿಲ್ಲ. ಬಿಸಿಯಾದಾಗ ಒಂದೇ ಗೇರ್ ಬದಲಾಗುವಲ್ಲಿ ಜರ್ಕ್, ಆಫ್ ಮಾಡಿ ಆನ್ ಮಾಡಿದರೆ ಸರಿ. ಇದನ್ನು ಕೇಳಿದರೆ ನನ್ನ ಗಮನ ಮೊದಲು ಹೋಗುವುದು ಹಳೇ ಆಯಿಲ್, ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್), ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕ್ಲಚ್‌ಗೆ ಹಂಚುವ ಭಾಗ), ವೈರಿಂಗ್ ಕಡೆಗೆ. ಒಂದೇ ಗೇರಿನಲ್ಲಿ ನಿಂತಿತಲ್ಲ, ಅದು ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ತಪ್ಪು ಕಂಡು, ಇನ್ನಷ್ಟು ಹಾಳಾಗದಿರಲಿ ಅಂತ ತಾನೇ ಹಾಕಿದ ಬೀಗ. ಗಾಡಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ 4 ಲಕ್ಷದ ಮಾತಾಡುವ ಹಂತ ಇದಲ್ಲ.

ಮೊದಲು ಬ್ಯಾಟರಿ, ಅರ್ತ್ ವೈರು ನೋಡಿಸಿ. ವೋಲ್ಟೇಜ್ ಕಡಿಮೆಯಾದರೂ ಈ ಕಂಪ್ಯೂಟರ್ ಗಲಿಬಿಲಿಯಾಗುತ್ತದೆ. ಆಮೇಲೆ ಸ್ಕ್ಯಾನ್. ಪಿ0700 ಬಂತು, ಗೇರ್‌ಬಾಕ್ಸ್ ಹೋಯಿತು ಅಂತ ಒಂದು ಪ್ರಿಂಟ್ ಕೈಗಿಟ್ಟು ಕಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಕೋಡ್ ಹೇಳುವುದು ಇಷ್ಟೇ: ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಒಂದು ದೂರು ದಾಖಲಾಗಿದೆ, ಅದನ್ನು ತೆಗೆದು ಓದಿ. ಅದನ್ನು ಓದುವ ಸ್ಕ್ಯಾನರ್ ಇಲ್ಲದ ಕಡೆ ಗಾಡಿ ಬಿಡಬೇಡಿ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು, ಗಾಡಿ ಬಿಸಿಯಾಗುವ ತನಕ ಓಡಿಸಿ, ಓಡುವಾಗಲೇ ಆಯಿಲ್ ಬಿಸಿ, ಪ್ರೆಶರ್, ಗೇರಿನ ಸ್ಲಿಪ್ ಎಷ್ಟಿದೆ ನೋಡಬೇಕು. ತಣ್ಣಗಿರುವ ಗಾಡಿಯನ್ನು ಗ್ಯಾರೇಜಿನ ಸುತ್ತ ಒಂದು ರೌಂಡ್ ಹೊಡೆದು ಬಂದರೆ ಏನೂ ತಿಳಿಯಲ್ಲ.

ಕೊನೆಗೆ ಕೆಳಗಿನ ಚೇಂಬರ್, ಅಂದರೆ ಆಯಿಲ್ ನಿಲ್ಲುವ ತಟ್ಟೆ, ಬಿಚ್ಚಿಸಿ. ಆಗ ನೀವು ಅಲ್ಲೇ ಇರಿ. ಚೇಂಬರಿನ ಮ್ಯಾಗ್ನೆಟ್ ಮೇಲೆ ನುಣ್ಣಗಿನ ಬೂದು ಬಣ್ಣದ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಕಪ್ಪು ಚೂರು ಇದ್ದು, ಆಯಿಲ್ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸವೆದಿದೆ. ಬೆರಳಿಗೆ ಚುಚ್ಚುವಂಥ ಕಬ್ಬಿಣದ ಚೂರೋ ಹೊಳೆಯುವ ಹಿತ್ತಾಳೆ ತುಣುಕೋ ಸಿಕ್ಕರೆ ಒಳಗೆ ಗಟ್ಟಿ ಭಾಗವೇ ಮುರಿದಿದೆ ಅಂತ ಲೆಕ್ಕ. ಕೆಲವು ಗಾಡಿಗಳಿಗೆ ಚೇಂಬರ್ ಇರಲ್ಲ. ಆಗ ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಬೇಕು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ದೋಷ ಸೊಲೆನಾಯ್ಡ್ ಅಥವಾ ವಾಲ್ವ್ ಬಾಡಿಯಲ್ಲಿದ್ದರೆ ರಿಪೇರಿಯೇ ಸರಿ, ಎರಡನೇ ಯೋಚನೆ ಬೇಡ. ಎಷ್ಟೋ ಗಾಡಿಗಳಲ್ಲಿ ಇದಕ್ಕೆ ಗೇರ್‌ಬಾಕ್ಸ್ ಕೆಳಗಿಳಿಸುವ ಅಗತ್ಯವೂ ಇಲ್ಲ. ಕ್ಲಚ್ ಪ್ಲೇಟು, ಸೀಲುಗಳಷ್ಟೇ ಹೋಗಿದ್ದರೆ ಓವರ್‌ಹಾಲ್ ಮಾಡಿಸಬಹುದು. ಆದರೆ ಆಟೋಮ್ಯಾಟಿಕ್ ಬಾಕ್ಸುಗಳನ್ನೇ ಬಿಚ್ಚಿ ಕಟ್ಟುವ ಕಡೆ ಮಾತ್ರ ಕೊಡಿ. ಟಾರ್ಕ್ ಕನ್ವರ್ಟರ್ ಏನು ಮಾಡ್ತೀರಿ ಅಂತ ಕೇಳಿ. ಅದೇ ಹಾಕ್ತೀವಿ ಅಂದರೆ ಎದ್ದು ಬನ್ನಿ. ಅದರ ಹೊಟ್ಟೆಯಲ್ಲಿ ಹಳೇ ಕೊಳೆಯೆಲ್ಲ ಇರುತ್ತದೆ. ಗೇರುಗಳು, ಡ್ರಮ್, ಕೇಸ್ ಒಡೆದಿದ್ದರೆ ಬದಲಾಯಿಸುವುದೇ ದಾರಿ. ಸಿವಿಟಿ (ಗೇರುಗಳ ಬದಲು ಪುಲಿ, ಬೆಲ್ಟ್ ಇರುವ ಆಟೋಮ್ಯಾಟಿಕ್) ಗಾಡಿಯಾದರೆ, ಪುಲಿ ಮೇಲೆ ಗೀರು ಬಿದ್ದಿದ್ದರೂ ನಾನು ಇದನ್ನೇ ಹೇಳುತ್ತೇನೆ.

ಬಿಚ್ಚುವ ಮೊದಲೇ 45 ಸಾವಿರ ಅಂತ ಕೊನೆಯ ರೇಟು ಹೇಳುವವರನ್ನು ನಾನು ನಂಬುವುದಿಲ್ಲ. ಅಷ್ಟು ದುಡ್ಡಿಗೆ ಸುಟ್ಟ ಪ್ಲೇಟ್ ನಾಲ್ಕು ಬದಲಾಯಿಸಿ, ಉಳಿದದ್ದನ್ನು ಒರೆಸಿ ಜೋಡಿಸುತ್ತಾರೆ. ನನ್ನ ಹತ್ತಿರ ಒಬ್ಬರು ಒಂದೇ ವರ್ಷದಲ್ಲಿ ಎರಡನೇ ಗೇರ್‌ಬಾಕ್ಸೂ ಕೆಟ್ಟು ಬಂದಿದ್ದರು. ಬೇರೆ ಕಡೆ ಬಾಕ್ಸನ್ನೇನೋ ಬದಲಾಯಿಸಿದ್ದರು. ಆಯಿಲ್ ಕೂಲರ್ ಮಾತ್ರ ಮುಟ್ಟಿರಲಿಲ್ಲ. ಮೊದಲನೆಯದು ಒಡೆದಾಗ ಬಂದ ಲೋಹದ ಪುಡಿ ಕೂಲರಿನಲ್ಲೇ ಕೂತಿತ್ತು. ಅದು ಇಳಿದು ಬಂದು ಎರಡನೆಯದನ್ನೂ ತಿಂದಿತ್ತು. ಆ ಮನುಷ್ಯ ಸಾಲ ಮಾಡಿ ಹಾಕಿಸಿದ್ದು ಅದು. ಅವತ್ತಿನಿಂದ ನಾನು ಕೂಲರ್ ಬದಲಾಯಿಸದೆ, ಕನಿಷ್ಠ ಪೂರ್ತಿ ತೊಳೆಯದೆ, ಯಾವ ಗಾಡಿಗೂ ಬಾಕ್ಸ್ ಏರಿಸಿಲ್ಲ.

ಬದಲಾಯಿಸಲೇಬೇಕು ಅಂತಾದರೆ ಹೊಸದಕ್ಕೆ ಮೊದಲು ಕಂಪನಿಯ ರೀಮ್ಯಾನ್ಯುಫ್ಯಾಕ್ಚರ್ಡ್ (ಹಳೇದನ್ನು ಬಿಚ್ಚಿ ಹೊಸದರಂತೆ ಕಟ್ಟಿದ) ಬಾಕ್ಸ್ ಸಿಗುತ್ತಾ ವಿಚಾರಿಸಿ. ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಕಡೆ ಹಳೇದು ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಸಿಗುತ್ತದೆ, ಒಳ್ಳೆಯದೂ ಸಿಗುತ್ತದೆ. ಆದರೆ ನನಗೆ ಒಂದು ಭಯ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ನೀರಲ್ಲಿ ಮುಳುಗಿದ್ದು ನೆನಪಿದೆ ಅಲ್ವಾ? ಹಾಗೆ ಮುಳುಗಿದ ಗಾಡಿಯ ಬಾಕ್ಸಿಗೆ ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಮೂಲಕ ನೀರು ಇಳಿಯುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಕಾಗದದಂಥ ವಸ್ತು, ಅಂಟಿನಿಂದ ಕೂತಿರುತ್ತದೆ. ನೀರು ಸೇರಿದರೆ ಅಂಟು ಬಿಡುತ್ತದೆ. ಹೊರಗಿನಿಂದ ಏನೂ ಕಾಣಲ್ಲ. ಹಾಕಿಸಿದ ಮೇಲೆ ಕೆಲವು ತಿಂಗಳು ಓಡಿ ಕೈಕೊಡುತ್ತದೆ. ಹಾಗಾಗಿ ಹಳೇ ಬಾಕ್ಸ್ ತೆಗೆದುಕೊಳ್ಳುವುದಾದರೆ ಚೇಂಬರ್ ನಿಮ್ಮೆದುರೇ ಬಿಚ್ಚಿಸಿ, ಟ್ಯಾಗಿನ ನಂಬರ್ ನಿಮ್ಮ ಗಾಡಿಯದಕ್ಕೆ ಹೊಂದುತ್ತಾ ನೋಡಿ, ವಾರಂಟಿ ಬರವಣಿಗೆಯಲ್ಲಿ ಪಡೆಯಿರಿ. ಬಿಲ್ ಬೇಕೇ ಬೇಕು. ಆರ್‌ಸಿಯಲ್ಲಿ ಇರುವುದು ಎಂಜಿನ್ ನಂಬರ್, ಚಾಸಿ ನಂಬರ್ ಅಷ್ಟೇ. ಗೇರ್‌ಬಾಕ್ಸ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಬಿಟ್ಟರೆ ನಿಮ್ಮ ಹತ್ತಿರ ಬೇರೆ ಸಾಕ್ಷಿ ಇರಲ್ಲ.

ಯಾವುದೇ ಬಾಕ್ಸ್ ಹಾಕಿಸಿದರೂ ಅಡಾಪ್ಟೇಶನ್ ಮಾಡಿಸಿ. ಕಂಪ್ಯೂಟರಿಗೆ ಹೊಸ ಕ್ಲಚ್‌ಗಳ ಅಳತೆ ಕಲಿಸುವ ಕೆಲಸ ಅದು. ಇದನ್ನು ಬಿಟ್ಟರೆ ಒಳ್ಳೇ ಬಾಕ್ಸೂ ಜರ್ಕ್ ಹೊಡೆಯುತ್ತದೆ.

ಇನ್ನು ದುಡ್ಡಿನ ವಿಷಯ. ನಿಮ್ಮ ರಿಜಿಸ್ಟ್ರೇಶನ್ 15 ವರ್ಷಕ್ಕೆ ಇದೆ, ಆರು ವರ್ಷ ಬಾಕಿ. ಎಂಜಿನ್, ಬಾಡಿ ಗಟ್ಟಿಯಾಗಿದ್ದರೆ ಗಾಡಿ ಬೆಲೆಯ ಅರ್ಧದ ತನಕ ಖರ್ಚು ಮಾಡಿ ಅನ್ನುತ್ತೇನೆ. ಅದರ ಮೇಲೆ ನನಗೆ ಧೈರ್ಯ ಬರಲ್ಲ. 5 ಲಕ್ಷವೂ ಬಾರದ ಗಾಡಿಗೆ 4 ಲಕ್ಷದ ಬಾಕ್ಸ್ ನಮ್ಮ ಮನೆಯವರು ಕೇಳಿದರೂ ಬೇಡ ಅಂತಿದ್ದೆ.

ನಿಮ್ಮ ಪತ್ರದಲ್ಲಿ ಗೇರ್ ಆಯಿಲ್ ಬದಲಾಯಿಸಿದ ಮಾತೇ ಇಲ್ಲ. ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ ಅಂತ ಯಾರೋ ಹೇಳಿರಬೇಕು. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ನಮ್ಮ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಡುವಾಗ ಕನ್ವರ್ಟರ್ ಒಳಗಿನ ಆಯಿಲ್ಲೇ ಬಿಸಿಯಾಗುತ್ತದೆ. ಮೀಟರಿನಲ್ಲಿ ಕಿ.ಮೀ. ಏರುವುದಿಲ್ಲ, ಆಯಿಲ್ ಮಾತ್ರ ಹಳೇದಾಗುತ್ತದೆ. ನಾನು 60,000ಕ್ಕೇ ಬದಲಾಯಿಸುತ್ತೇನೆ.

ಚೇಂಬರ್ ಬಿಚ್ಚಿಸಿದ ದಿನ ಮ್ಯಾಗ್ನೆಟ್ಟಿನ ಫೋಟೋ ಕಳಿಸಿ. ನೋಡಿ ಹೇಳುತ್ತೇನೆ.

ಪ್ರಶ್ನೆ: ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಸತ್ತೇ ಹೋಗುತ್ತಂತೆ?

ಉತ್ತರ: ಆಗಲೇ ಸ್ಲಿಪ್ ಆಗುತ್ತಿರುವ ಬಾಕ್ಸಿಗೆ ಆಯಿಲ್ ಬದಲಾಯಿಸಿ, ಅದು ನಿಂತ ಮೇಲೆ ಆಯಿಲ್ ಮೇಲೆ ತಪ್ಪು ಹೊರಿಸುತ್ತಾರೆ. ಸ್ಲಿಪ್ ಇಲ್ಲದಿದ್ದರೆ ಧೈರ್ಯವಾಗಿ ಇಳಿಸಿ ತುಂಬಿಸಿ. ಮೆಷಿನ್ ಇಟ್ಟು ಪ್ರೆಶರಿನಲ್ಲಿ ಫ್ಲಶ್ ಮಾಡಿಸಬೇಡಿ.

ಪ್ರಶ್ನೆ: ಆಯಿಲ್ ಜೊತೆ ಸೇರಿಸುವ ಬಾಟಲಿಯಿಂದ ಜರ್ಕ್ ನಿಲ್ಲುತ್ತದೆಯೇ?

ಉತ್ತರ: ಬಾಟಲಿಯಿಂದ ಪ್ಲೇಟ್ ಬೆಳೆಯಲ್ಲ. ಸಿವಿಟಿಗೆ ಮಾಮೂಲಿ ಎಟಿಎಫ್ (ಬೇರೆ ಆಟೋಮ್ಯಾಟಿಕ್‌ಗಳ ಗೇರ್ ಆಯಿಲ್) ಸುರಿಯುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಅದು ಬೇರೆ ಆಯಿಲ್, ದಯವಿಟ್ಟು ಬೇರೆಯವರ ಗಾಡಿ ಹಾಳು ಮಾಡಬೇಡಿ.

ಪ್ರಶ್ನೆ: ನನ್ನ ಎಎಂಟಿ ಗಾಡಿ ಹೊರಡುವಾಗ ನಡುಗುತ್ತದೆ. ಪೂರ್ತಿ ಗೇರ್‌ಬಾಕ್ಸ್ ಬದಲಾಯಿಸಿ ಅಂದಿದ್ದಾರೆ.

ಉತ್ತರ: ಬೇಡ. ಎಎಂಟಿ ಅಂದರೆ ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಆಕ್ಚುಯೇಟರಿನದು. ಕ್ಲಚ್ ಪ್ಲೇಟು, ಆಕ್ಚುಯೇಟರ್, ಎಂಜಿನ್ ಮೌಂಟ್ ನೋಡಿಸಿ.

ಪ್ರಶ್ನೆ: ನೈಸ್ ರಸ್ತೆಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಮನೆ ತನಕ ಎಳೆಸಬಹುದಾ?

ಉತ್ತರ: ಬೇಡವೇ ಬೇಡ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗಲ್ಲ, ಚಕ್ರ ತಿರುಗಿದರೆ ಒಳಗೆಲ್ಲ ಒಣಗಿದ್ದೇ ಉಜ್ಜುತ್ತದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿ ಬರುವ ತನಕ ಕಾಯಿರಿ, ಎರಡು ಗಂಟೆ ಆದರೂ ಸರಿ.