ಟಿವಿ ರಾಜಕೀಯ ಚರ್ಚೆಗಳಲ್ಲಿ ರಾಯಚೂರು, ಕೊಪ್ಪಳದವರು ಯಾಕೆ ಅಷ್ಟಾಗಿ ಕಾಣಿಸುವುದಿಲ್ಲ?

ಪ್ಯಾನೆಲ್‌ನಲ್ಲಿ ಇಂಥ ಭಾಗದವರು ಇರಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದವರಾದ ನಮಗೆ ಮುಖ್ಯವಾಗಿ ಸಿಕ್ಕಿದ್ದು ಸರ್ಕಾರಿ ಕೆಲಸ, ಕಾಲೇಜು ಸೀಟಿನ ಮೀಸಲಾತಿ. ಚಾನೆಲ್ ಚರ್ಚೆಗೂ ಅದಕ್ಕೂ ಸಂಬಂಧವಿಲ್ಲ. ಯಾರನ್ನು ಕರೆಯಬೇಕು ಅನ್ನೋದು ಚಾನೆಲ್ ತೀರ್ಮಾನ, ವಕ್ತಾರ ಯಾರು ಅನ್ನೋದು ಪಕ್ಷದ್ದು. ಎರಡೂ ಬಹುಪಾಲು ಬೆಂಗಳೂರಿನಲ್ಲೇ ಆಗುತ್ತವೆ. ಸಂಜೆ ಚರ್ಚೆಗೆ ಮಧ್ಯಾಹ್ನ ಫೋನ್ ಬಂದರೆ ರಾಯಚೂರಿನವರು ಸ್ಟುಡಿಯೊ ತಲುಪೋದು ಹೇಗೆ? ವಿಡಿಯೊ ಕಾಲ್‌ನಲ್ಲಿ ಸೇರಿಸಬಹುದು ನಿಜ. ಆದರೆ ಕಿರುಚಾಟ ಶುರುವಾದರೆ ಮೊದಲು ಮ್ಯೂಟ್ ಆಗೋದು ಆ ಪುಟ್ಟ ಚೌಕವೇ ಅಲ್ವಾ!

ನಷ್ಟ ಎಲ್ಲಿ ಅಂದರೆ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತಲ್ಲ, ತಪ್ಪು ಯಾರದ್ದು ಅಂತ ಯಾವ ವಕ್ತಾರ ಬೇಕಾದರೂ ಜಗಳ ಆಡಬಲ್ಲ. ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ಎರಡನೇ ಬೆಳೆಗೆ ನೀರು ಬರುತ್ತಾ ಅಂತ ಕೇಳೋಕೆ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ ಕಡೆಯವರೇ ಬೇಕು.